ದರ್ಜಿಯ ಕೆಂಪು ಮುಖ

ದರ್ಜಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆ ಇತ್ತು. ನಡೆಯುವಾಗ ಕಾಲು ತೊಡರುತ್ತಿತ್ತು. ಹೊಸ ಮಾತ್ರೆ ಶುರುವಾದ ವಾರದಲ್ಲೇ ಹೆಂಡತಿಗೆ ಅನುಮಾನ ಹತ್ತಿತು. ಬೆಳಿಗ್ಗೆ ಅಂಗಡಿಗೆ ಬಂದು ನೋಡಿದರೆ ಗಂಡನ ಮುಖ, ಕತ್ತು, ಕಿವಿ ಎಲ್ಲ ಕೆಂಪು ಕೆಂಪು. ಕುಡಿತ ಬಿಟ್ಟವನು ಅವನು. ಬಿಡಿಸಲು ಪಟ್ಟ ಪಾಡು ಅವಳಿಗೇ ಗೊತ್ತು.

"ಹಾಕ್ಕೊಂಡ್ರಾ?" ಅಂದಳು.

"ಹಾಕ್ಕೊಂಡೆ. ಎದ್ದ ಕೂಡಲೇ ಒಂದು, ರಾತ್ರಿಗೆ ಇನ್ನೊಂದು."

"ನಾಚಿಕೆ ಬಿಟ್ಟು ಲೆಕ್ಕ ಬೇರೆ ಹೇಳ್ತೀರಾ? ನಾನು ತವರಿಗೆ ಹೋದೆ ಅಂತ ತಿಳ್ಕೊಳ್ಳಿ."

"ಮಾತ್ರೆ ಹಾಕ್ಕೊಂಡಿದ್ದಕ್ಕೆ ತವರಿಗೆ ಹೋಗ್ತಾರೇನೇ?"

ಅವಳು ನಂಬಲಿಲ್ಲ. ಅವನ ಬಾಯಿ ಹತ್ತಿರ ಮೂಗು ಒಯ್ದಳು. ವಾಸನೆ ಇರಲಿಲ್ಲ. ಆದರೂ ಆಸ್ಪತ್ರೆಗೆ ಫೋನ್ ಮಾಡಿದಳು.

"ಈ ಮಾತ್ರೆಗೆ ಶುರುವಲ್ಲಿ ಮುಖ ಕೆಂಪಾಗೋದು ಉಂಟಮ್ಮ, ಬರ್ತಾ ಬರ್ತಾ ಕಡಿಮೆಯಾಗುತ್ತೆ. ಖಾಲಿ ಹೊಟ್ಟೇಲಿ ಮಾತ್ರ ಕೊಡಬೇಡಿ" ಅಂದಳು ನರ್ಸ್.

ಮರುದಿನ ಎದುರಿಗೇ ಕೂತು ತಿಂಡಿ ತಿನ್ನಿಸಿ, ಆಮೇಲೆ ಮಾತ್ರೆ ಕೊಟ್ಟಳು. ಮುಖ ಅಷ್ಟೇನೂ ಕೆಂಪೇರಲಿಲ್ಲ. ಅವಳು ಮತ್ತೆ ತವರಿನ ಮಾತೆತ್ತಲಿಲ್ಲ. ಅವನು ಕೈ ತೊಳೆಯಲು ಎದ್ದಾಗ, ಹಿಂದೆ ಬಾಟಲಿ ಬಚ್ಚಿಡುತ್ತಿದ್ದ ಹೊಲಿಗೆ ಮೆಷಿನ್ನಿನ ಡ್ರಾ ಎಳೆದು ನೋಡಿದಳು. ಬರೀ ದಾರದ ಉಂಡೆಗಳಿದ್ದವು.