ಹಿಂತಿರುಗಿ ನೋಡುವ ಗಿಳಿ

ಕೆಳಗಿನ ಮನೆಯ ಹಿರಿಯಾಕೆಯನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೆಟೆದುಕೊಂಡಿತ್ತಂತೆ. ಚಹಾದ ಕಪ್ಪು ಹಿಡಿದರೂ, ಫೋನು ಹಿಡಿದರೂ ಅದೊಂದು ಬೆರಳು ನೆಟ್ಟಗೆ ಹೊರಗೇ ನಿಂತಿರುತ್ತಿತ್ತು.

ಸದಾಶಿವ ಪೇಠೆಯ ಆ ಹಳೆಯ ಕಟ್ಟಡಕ್ಕೆ ನಾವು ಬಂದಾಗ ನನ್ನ ಮಗಳಿಗೆ ಎರಡು ವರ್ಷ. ಧಾರವಾಡದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನಾನು, ಗಂಡನಿಗೆ ಪುಣೆಗೆ ವರ್ಗವಾದ ಮೇಲೆ ಮನೆಯಲ್ಲೇ ಉಳಿದಿದ್ದೆ. ಮಗು ಮಲಗಿದಾಗ ಹಲಗೆಯೊಂದರ ಮೇಲೆ ಕಸೂತಿಯ ಚಿತ್ತಾರ ಬರೆದು, ನಡುವೆ ನಮ್ಮ ಹೆಸರು ಬರೆದು ಬಾಗಿಲಿಗೆ ತೂಗುಹಾಕಿದೆ. ಕಾಕು ಮೆಟ್ಟಿಲ ಮೇಲೆ ನಿಂತು ಅದನ್ನೇ ನೋಡಿದರು. ಅವರು ಬೆಳಗಾವಿ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಪುಣೆಯವರು.

"ಇದನ್ನ ನೀನ ಬರದಿಯೇನ? ಇಂಥಾ ಕೈ ಇಟಗೊಂಡು ಬರೇ ಭಾಂಡೆ ತಿಕ್ಕತಿಯಲ್ಲ ಮಗಳ!"

ಮರುದಿನವೇ ಅಂಥ ಹಲಗೆಗಳನ್ನು ಮಾರಲೆಂದು ತಮ್ಮ ಫೋನಿನಲ್ಲಿ ಇನ್‌ಸ್ಟಾಗ್ರಾಂ ಪುಟ ತೆರೆದರು. ನಾನು ಬರೆದ ಹಲಗೆಗಳನ್ನು ತಮ್ಮ ಬಾಲ್ಕನಿಗೆ ತರಿಸಿ ಫೋಟೋ ತೆಗೆದರು. "ಹತ್ತು ಗಂಟೆ ಬಿಸಲಾಗ ಬಣ್ಣ ಸುಳ್ಳ ಹೇಳಂಗಿಲ್ಲ" ಎನ್ನುವರು. ನನ್ನ ಮರಾಠಿ ಆಗ ತರಕಾರಿ ಕೊಳ್ಳುವಷ್ಟೇ ಇತ್ತು. ಗಿರಾಕಿಗಳಿಗೆ ಉತ್ತರ ಬರೆಯುತ್ತಿದ್ದವರು ಅವರೇ. ಮಧ್ಯಾಹ್ನ ನಾನು ಕುಂಚ ಹಿಡಿಯಲೆಂದು ಮಗಳನ್ನು ತಮ್ಮ ಮನೆಗೆ ಕರೆದೊಯ್ದು ಊಟ ಮಾಡಿಸಿ ಮಲಗಿಸುತ್ತಿದ್ದರು. ನನ್ನ ತಾಯಿಯೂ ಅಷ್ಟು ಮಾಡಿರಲಿಲ್ಲ.

ಒಮ್ಮೆ ತುಳಸಿಕಟ್ಟೆಯ ಅಕ್ಕಪಕ್ಕ ಎರಡು ಗಿಳಿ ಬರೆದಿದ್ದೆ. "ಮರಿಗಿಳಿ ಅವ್ವನ ಕಡೆ ನೋಡವಲ್ದು" ಎಂದು ಮಗಳು ಅತ್ತೇ ಬಿಟ್ಟಳು. ಅವಳಿಗಾಗಿ ಮರಿಯ ಕತ್ತನ್ನು ಹಿಂದಕ್ಕೆ ತಿರುಗಿಸಿ ಬರೆದೆ. ಆ ಗಿಳಿಯನ್ನೇ ಎಲ್ಲರೂ ಕೇಳತೊಡಗಿದರು. ಪುಣೆಯದೇ ಕೋಥ್ರೂಡಿನಿಂದ, ಮುಂಬಯಿಯಿಂದ, ಕೊನೆಗೆ ನಾಗಪುರದಿಂದಲೂ.

ನಂತರದ ದೀಪಾವಳಿಯ ಹೊತ್ತಿಗೆ ಬೇಡಿಕೆ ಥಟ್ಟನೆ ನಿಂತಿತು. "ಈ ಸಲ ಆರ್ಡರ್ ಕಡಿಮಿ ಅದಾವ. ನೀನೂ ಭಾಳ ದಣದೀ, ಆರಾಮ ತಗೋ" ಎಂದು ಕಾಕು ತಲೆ ನೇವರಿಸಿದರು. ನಂಬಿದೆ. ನಂಬದಿರಲು ಕಾರಣವಾದರೂ ಏನಿತ್ತು?

ಒಂದು ದಿನ ಮಗಳ ಶಾಲೆಯ ಗೇಟಿನಲ್ಲಿ ಇನ್ನೊಂದು ಮಗುವಿನ ತಾಯಿ ಫೋನು ಚಾಚಿ, "ಇದೂ ನಿಮ್ಮ ಕಡೆಯ ಕಲೆಯಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದಳು. ಬೇರೊಂದು ಹೆಸರಿನ ಪುಟ. ಯಂತ್ರದಲ್ಲಿ ಅಚ್ಚಾದ ಹಲಗೆಗಳ ರಾಶಿ. ಒಂದೊಂದರ ಮೇಲೂ ಹಿಂತಿರುಗಿ ನೋಡುವ ನನ್ನ ಗಿಳಿ. ಅಡಿಯಲ್ಲಿ "ನನ್ನ ತಾಯಿ ಕಲಿಸಿದ ಗಿಳಿ" ಎಂಬ ಬರಹ. ವೀಡಿಯೊದಲ್ಲಿ ಮುಖವಿರಲಿಲ್ಲ, ಹಲಗೆ ಹಿಡಿದ ಎರಡು ಕೈ ಮಾತ್ರ. ಎಡಗೈಯ ಕಿರುಬೆರಳು ನೆಟ್ಟಗೆ ನಿಂತಿತ್ತು.

ನೇರ ಅವರ ಮನೆಗೇ ಹೋದೆ. ಕಾಕು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಆ ಪುಟ ತೆರೆದು ತೋರಿಸಿದೆ. ಅವರು ತಡವರಿಸಲಿಲ್ಲ.

"ಗಿಳಿ ಯಾರ ಸ್ವತ್ತೂ ಅಲ್ಲ ಮಗಳ. ನಾ ಇರಲಿಲ್ಲಂದ್ರ ಅದು ನಿನ್ನ ಬಾಗಲದಾಗ ಧೂಳ ತಿಂತಿತ್ತು."

"ನಿಮ್ಮ ತಾಯಿ ಕಲಿಸಿದ್ದಂತ ಯಾಕ ಬರದ್ರಿ ಕಾಕು?"

ಅದಕ್ಕೆ ಮಾತ್ರ ಅವರು ತಲೆ ಎತ್ತಲಿಲ್ಲ. "ಮಂದಿಗೆ ಕಥಿ ಬೇಕಾಗ್ತದ" ಎಂದರು.

ಅಂದಿನಿಂದ ಮಗಳನ್ನು ಕೆಳಗೆ ಕಳಿಸಲಿಲ್ಲ. ಅವಳು ತಿಂಗಳುಗಟ್ಟಲೆ ಮಧ್ಯಾಹ್ನವಾದರೆ ಬಾಗಿಲ ಬಳಿ ನಿಂತು ಹಟ ಮಾಡುತ್ತಿದ್ದಳು. ಕಾಕು ನನ್ನಿಂದ ಕಿತ್ತುಕೊಂಡದ್ದು ಗಿಳಿಯನ್ನಷ್ಟೇ ಅಲ್ಲ ಎಂದು ನನಗೆ ಆಗ ತಿಳಿಯಿತು. ನನ್ನದೇ ಪುಟ ತೆರೆದೆ. ಫೋಟೋವನ್ನು ಹತ್ತು ಗಂಟೆಯ ಬಿಸಿಲಲ್ಲೇ ತೆಗೆದೆ, ಬೇರೆ ರೀತಿ ನನಗೆ ಗೊತ್ತೂ ಇರಲಿಲ್ಲ. ಕೆಲವರು ನನಗೇ ಬರೆದರು: "ಇನ್ನೊಬ್ಬರ ಗಿಳಿಯನ್ನು ಕದಿಯಲು ನಾಚಿಕೆಯಾಗುವುದಿಲ್ಲವೇ?"

ಕಳೆದ ವರ್ಷ ಕಾಕು ತೀರಿಕೊಂಡರು. ಹದಿಮೂರನೆಯ ದಿನ ನಾನೂ ಮಗಳೂ ಹೋದೆವು. ಹಾರ ಹಾಕಿದ ಫೋಟೋದ ಪಕ್ಕ ಗಿಳಿಯ ಹಲಗೆ ಇಟ್ಟಿದ್ದರು. ಅಚ್ಚಿನದಲ್ಲ, ನಾನೇ ಕೈಯಾರೆ ಬರೆದದ್ದು. "ಎಂಥ ಕಲಾವಿದೆ" ಎಂದು ಯಾರೋ ನಿಟ್ಟುಸಿರಿಟ್ಟರು.

"ಅದು ನಮ್ಮವ್ವ ಬರದದ್ದು" ಎಂದಳು ಮಗಳು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ.

ಕಾಕು ಅವರ ಮಗ ನನ್ನತ್ತ ನೋಡಿದ. "ಹೌದೇನ್ರಿ?"

ಅವಳ ಕೈ ಅದುಮಿ ಸುಮ್ಮನಾಗಿಸಬಹುದಿತ್ತು. ಸಾವಿನ ಮನೆ. ಆದರೆ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದ್ರಿ, ನಾನ ಬರದದ್ದು" ಎಂದೆ.

ಆಗ ನನಗೆ ಅಳು ಒತ್ತರಿಸಿ ಬಂತು. ಈ ಮಾತು ಯಾರ ಬಾಯಿಂದ ಬರಬೇಕೆಂದು ನಾನು ಇಷ್ಟು ವರ್ಷ ಕಾದಿದ್ದೆನೋ ಅವರು ಇನ್ನಿರಲಿಲ್ಲ.