ಸುಲೇಪೇಟದಿಂದ ಬಂದ ಪ್ಯಾಕೆಟ್

ಕಾರಣವಿಲ್ಲದೆ ಏನೋ ನಡೆಯಿತೆಂದು ಯಾರಾದರೂ ಹೇಳಿದರೆ, ವೈರು ಸರಿಯಾಗಿ ಕೂತಿತ್ತೇ ಎಂದು ಮೊದಲು ಕೇಳುವವಳು ನಾನು. ಸೇಡಂನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದೆವ್ವ, ಶಕುನ ಇವನ್ನೆಲ್ಲ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದಂತೆಯೇ ಹೇಳಿಬಿಡುತ್ತೇನೆ.

ನನಗೆ ಮನೆಯಿಂದಲೇ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದ ಹುಚ್ಚು ಹಚ್ಚಿದವರು ಸುಲೇಪೇಟದ ಮೆಹಬೂಬ ಚಾಚಾ. ತಾರು ಕಚೇರಿಯಿಂದ ನಿವೃತ್ತರಾದವರು. ತಾರಿನ ಟಕ್ ಟಕ್ ಭಾಷೆಯಾದ ಮೋರ್ಸ್ ಕಲಿಸಿ, ಲೈಸೆನ್ಸ್ ಪರೀಕ್ಷೆಗೆ ಕೂರಿಸಿದ್ದು ಅವರೇ. ಅವರಿಗೆ ಹೊಸದೊಂದನ್ನು ಕಲಿಸುವ ಸರದಿ ನನಗೆ ಬಂದದ್ದು ಪ್ಯಾಕೆಟ್ ರೇಡಿಯೊದಲ್ಲಿ. ಕಂಪ್ಯೂಟರಿನಲ್ಲಿ ಟೈಪು ಮಾಡಿದ ಅಕ್ಷರಗಳು ಪ್ಯಾಕೆಟ್ ಎಂಬ ಕಟ್ಟುಗಳಲ್ಲಿ ಸದ್ದಾಗಿ ರೇಡಿಯೊದಲ್ಲಿ ಹೋಗುತ್ತವೆ. ಆಚೆ ಕಡೆ ಆ ಸದ್ದು ಮತ್ತೆ ಅಕ್ಷರವಾಗುತ್ತದೆ. ಮೊದಲು ಇದಕ್ಕೆ ಮೋಡೆಮ್ ಎಂಬ ಪೆಟ್ಟಿಗೆ ಬೇಕಿತ್ತು. ಈಗ ಒಂದು ಸಾಫ್ಟ್‌ವೇರ್ ಸಾಕು, ಕಂಪ್ಯೂಟರಿನ ಸೌಂಡ್ ಕಾರ್ಡೇ ಆ ಕೆಲಸ ಮಾಡುತ್ತದೆ. ರೇಡಿಯೊಗೂ ಕಂಪ್ಯೂಟರಿಗೂ ನಡುವೆ ಒಂದು ಕೇಬಲ್ ಮಾತ್ರ ಇರಲೇಬೇಕು.

ರೇಡಿಯೊ, ಕಂಪ್ಯೂಟರ್, ಆಂಟೆನಾ ಸೇರಿದ ನನ್ನ ಸ್ಟೇಷನ್ನನ್ನು ನಾನೇ ಕೂಡಿಸಿದೆ. ಸದ್ದು ಹೆಚ್ಚಾದರೆ ಸಂದೇಶ ಒಡೆಯುತ್ತಿತ್ತು, ಕಡಿಮೆಯಾದರೆ ಏನೂ ಬರುತ್ತಿರಲಿಲ್ಲ. ಹದಕ್ಕೆ ತರಲು ಎಷ್ಟೋ ಭಾನುವಾರ ಹೋದವು. ಕಲಬುರಗಿಯ ಗೆಳೆಯರೊಬ್ಬರು ಕಳಿಸಿದ ಸಾಲು ಪರದೆಯ ಮೇಲೆ ಮೊದಲ ಸಲ ಮೂಡಿದಾಗ ನೆರೆಹೊರೆಯವರಿಗೆಲ್ಲ ಚಹಾ ಕುಡಿಸಿದ್ದೆ.

ಆ ದಿನ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಕಾರಿನ ಬ್ಯಾಟರಿಯ ಮೇಲೆ ರೇಡಿಯೊ, ಕಂಪ್ಯೂಟರ್ ಎರಡನ್ನೂ ನಡೆಸುತ್ತ, ಚಾಚಾಗಾಗಿ ಮಾಡಿದ ಕೇಬಲ್‌ಗೆ ಟೇಪು ಸುತ್ತುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಚಾಚಾರ ಲೈಸೆನ್ಸಿನ ಗುರುತಾದ ಕಾಲ್‌ಸೈನ್ ಬಂತು. ಅದರ ಮುಂದೆ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು, ನನ್ನ ಹೆಸರು ಹಿಡಿದು: ‘ಮಾಳಿಗಿ ಮ್ಯಾಲ ಬಿದ್ದೀನಿ. ಬಾ ಮಾದೇವಿ.’

ಬರೀ ಗದ್ದಲ ಅಕ್ಷರವಾಗಿ ಕಂಡಿರಬಹುದೆನ್ನುವಂತಿಲ್ಲ. ಪ್ಯಾಕೆಟ್ಟಿನಲ್ಲಿ ಒಂದಕ್ಷರ ಕೆಟ್ಟರೂ ನನ್ನ ಸಾಫ್ಟ್‌ವೇರ್ ಅದನ್ನು ತೋರಿಸುವುದೇ ಇಲ್ಲ. ಉತ್ತರ ಕಳಿಸಿದೆ, ಮತ್ತೇನೂ ಬರಲಿಲ್ಲ. ಪಡಸಾಲೆಯಲ್ಲಿದ್ದ ಮೈದುನ ಶಿವುನನ್ನು ಕರೆದೆ. ಅವನು ಪರದೆ ನೋಡಿದ, ನನ್ನ ಕೈ ನೋಡಿದ.

“ವೈನಿ, ಅವರ ಕೇಬಲ್ ನಿಮ್ಮ ಕೈಯಾಗೇ ಅದ. ಹ್ಯಾಂಗ ಕಳಸ್ತಾರ ಅವರು?”

“ನನಗೂ ತಿಳೀವಲ್ದು. ನೀ ಜೀಪ್ ತಗಿ.”

ಹಳ್ಳಗಳು ರಸ್ತೆಗೆ ಬಂದಿದ್ದವು. ಒಂದು ಕಡೆ ಶಿವು ಹಿಂದಿರುಗೋಣವೆಂದ, ನಾನು ಒಪ್ಪಲಿಲ್ಲ. ಸುಲೇಪೇಟ ಮುಟ್ಟಿದಾಗ ಚಾಚಾರ ಬಾಗಿಲು ಒಳಗಿನಿಂದ ಹಾಕಿತ್ತು. ಚಾಚಿ ಮಗಳ ಬಾಣಂತನಕ್ಕೆ ಚಿತ್ತಾಪುರಕ್ಕೆ ಹೋಗಿದ್ದರು. ಪಕ್ಕದ ಮನೆಯಿಂದ ಏಣಿ ತಂದು ಮಾಳಿಗೆ ಹತ್ತಿದೆವು. ಚಾಚಾ ಅಲ್ಲೇ ಬಿದ್ದಿದ್ದರು. ಗಾಳಿಗೆ ಸಡಿಲಾದ ಆಂಟೆನಾ ಬಿಗಿಯಲು ಬೆಳಿಗ್ಗೆ ಹತ್ತಿದ್ದರಂತೆ. ಕಂಬ ಕಾಲ ಮೇಲೆ ಬಿದ್ದಿತ್ತು. ತುಟಿ ನೀಲಿಗಟ್ಟಿದ್ದವು. ಕೂಗಿದ್ದು ಮಳೆಯಲ್ಲಿ ಯಾರಿಗೂ ಕೇಳಿರಲಿಲ್ಲ.

ಅವರನ್ನು ಕೆಳಗಿಳಿಸಿದ ಮೇಲೆ ಹೊದಿಕೆ ತರಲು ಕೋಣೆಗೆ ಹೋದೆ. ಕಂಪ್ಯೂಟರ್ ಮುಚ್ಚಿತ್ತು. ರೇಡಿಯೊ ಆರಿತ್ತು.

ಚಿಂಚೋಳಿಯ ದವಾಖಾನೆಗೆ ಒಯ್ಯುವಾಗ ದಾರಿಯಲ್ಲಿ ಕೇಳಿದೆ, ಸಂದೇಶ ಹೇಗೆ ಕಳಿಸಿದಿರಿ ಎಂದು. ಚಾಚಾ ನನ್ನನ್ನೇ ನೋಡಿದರು.

“ನಾ ಏನೂ ಕಳಿಸಿಲ್ಲ ಬೇಟಿ. ಬಿದ್ದಲ್ಲೇ ಪರಸಿ ಮ್ಯಾಲ ಬಟ್ಟಿಲೆ ಟಕ್ ಟಕ್ ಮಾಡಾಕತ್ತಿದ್ದೆ. ಮಾಳಿಗಿ ಮ್ಯಾಲ ಬಿದ್ದೀನಿ, ಬಾ ಮಾದೇವಿ, ಅಂತ.”

ಪರಸಿ ಕಲ್ಲಿನ ಮೇಲೆ ಬೆರಳಿನಿಂದ ಬಡಿದ ಮೋರ್ಸ್ ಸೇಡಂನಲ್ಲಿ ಪ್ಯಾಕೆಟ್ಟಾಗುವುದಿಲ್ಲ. ಬೇರೆ ಯಾರಾದರೂ ಅವರ ಕಾಲ್‌ಸೈನ್ ಬಳಸಿದರೇ ಎಂದು ಗೊತ್ತಿದ್ದ ಹವ್ಯಾಸಿಗಳನ್ನೆಲ್ಲ ವಿಚಾರಿಸಿದೆ. ಆ ಹೊತ್ತಿನಲ್ಲಿ ಯಾರೂ ರೇಡಿಯೊ ಹಚ್ಚಿರಲಿಲ್ಲ. ನನಗೆ ಇನ್ನೂ ತಿಳಿದಿಲ್ಲ.

ಚಾಚಾ ಈಗ ಕೋಲು ಹಿಡಿದು ಓಡಾಡುತ್ತಾರೆ. ಮನೆಗೆ ಬಂದವರಿಗೆಲ್ಲ, ಇವಳ ಸ್ಟೇಷನ್ನಿಂದ ನಾ ಉಳಿದೆ, ಭಾಳ ಚಲೋ ಸ್ಟೇಷನ್ ಎನ್ನುತ್ತಾರೆ. ಸಂದೇಶ ಕಳಿಸಿದ್ದು ಯಾರೋ ಹೇಳಲಾರೆ. ಅದನ್ನು ಹಿಡಿದದ್ದು ಮಾತ್ರ ನಾನು ಕೈಯಾರೆ ಕೂಡಿಸಿದ ಸ್ಟೇಷನ್. ಇದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ.