ಬೆಟಗೇರಿ ಚಿಗವ್ವನ ಎಡಗೈ

ಮೊನ್ನೆ ಸೊಸೆ ಎರಡು ನೂಲಿನ ಸೀರೆಗಳಿಗೆ ಗಂಜಿ ಹಾಕಿ ಮಾಳಿಗೆಯ ಮೇಲೆ ಹರವಿದ್ದಳು. ಬಿಸಿಲೇರಿದಂತೆ ಆ ಗಂಜಿಯ ಹುಳಿ ವಾಸನೆ ಮೆಟ್ಟಿಲಿಳಿದು ನಾನು ಕೂತಲ್ಲಿಗೆ ಬಂತು. ಸೋಸುತ್ತಿದ್ದ ಮೆಂತ್ಯದ ಸೊಪ್ಪು ಕೈಯಲ್ಲಿ ಹಾಗೇ ಉಳಿಯಿತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬೆಳಗಾದರೆ ಇದೇ ವಾಸನೆ. ಓಣಿಯುದ್ದಕ್ಕೂ ಹಾಸಿನ ನೂಲು, ಅಂದರೆ ಮಗ್ಗದ ಉದ್ದೆಳೆ, ಎಳೆದು ಕಟ್ಟಿ, ಬಿಸಿಲು ಚುರುಕಾಗುವ ಮೊದಲೇ ಗಂಜಿ ಹಚ್ಚಿ ಮುಗಿಸುತ್ತಿದ್ದರು. ಆ ವಾಸನೆಯ ಹಿಂದೆಯೇ ಬೆಟಗೇರಿ ಚಿಗವ್ವ ನೆನಪಿಗೆ ಬಂದಳು. ಬರಬೇಡ ಅಂತ ಅವಳನ್ನು ತಡೆಯುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು...

ಚಿಗವ್ವ, ಅಂದರೆ ಚಿಕ್ಕಮ್ಮ, ಅಂತ ಕರೆದರೂ ನಮಗೆ ಬಳಗದವಳಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಯವಳು. ಬೆಟಗೇರಿಯಿಂದ ಬಂದ ಕ್ರೈಸ್ತ ನೇಕಾರರ ಸಂಸಾರ ಅದು. ಗಂಡ, ಹೆಂಡತಿ, ಮೂವರು ಹೆಣ್ಣುಮಕ್ಕಳು, ಒಂದು ಮಗ್ಗ. ನಮ್ಮಷ್ಟೇ ಬಡವರು, ಒಂದು ಕೈ ಹೆಚ್ಚೇ ಅನ್ನಬೇಕು. ಆದರೂ ಆ ಮನೆಯಲ್ಲಿ ಸಂಜೆಯಾದರೆ ನಗು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮಲ್ಲಿ ಅಪ್ಪ ಉಂಡು ಎದ್ದ ಮೇಲೆ ಅವ್ವ, ನಾನು. ಅವರಲ್ಲಿ ಐದೂ ಮಂದಿ ಸುತ್ತ ಕೂತು ಒಟ್ಟಿಗೇ ಉಣ್ಣುತ್ತಿದ್ದರು. ಉಣ್ಣುವ ಮೊದಲು ಗಂಡ ಪ್ರಾರ್ಥನೆ ಮಾಡುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ರೊಟ್ಟಿ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ, ನೂಲಿಗೆ ಸ್ತೋತ್ರ, ಕೆಮ್ಮು ಕಡಿಮೆಯಾದದ್ದಕ್ಕೆ ಸ್ತೋತ್ರ. ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಹೆಂಡತಿಯ ಸರದಿ ಬಂದಾಗ ಮಾತ್ರ "ನನ್ನ ಮನಿಯಾಕಿ" ಅನ್ನುತ್ತಿದ್ದ.

ಒಮ್ಮೆ ಕೇಳಿಯೇಬಿಟ್ಟೆ: "ಚಿಗವ್ವಾ, ನಿನಗ ಅಂಥಾದ್ದೇನ ಖುಷಿ?"

"ಮುಂಜಾನಿಂದ ಒಂದ ಎಳಿನೂ ಹರದಿಲ್ಲ ನೋಡವ್ವಾ. ಇನ್ನೇನ ಬೇಕ?" ಅಂದಳು. ನಾನು ಇನ್ನೂ ದೊಡ್ಡದೇನಾದರೂ ಹೇಳಿಯಾಳೆಂದು ಕಾಯ್ದೆ. ಅವಳು ಲಾಳಿ ಒಗೆಯುತ್ತ ಹಾಡು ಶುರುಮಾಡಿದಳು.

ನಮ್ಮ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ನನಗೆ ಹದಿನೇಳು. ಅಬ್ಬಿಗೇರಿಯ ಒಂದು ಸಂಬಂಧ ನಿಶ್ಚಯವಾಗಿ ಮುರಿದುಹೋಗಿತ್ತು. ಯಾಕೆ ಮುರಿಯಿತೆಂದು ಯಾರೂ ಹೇಳಲಿಲ್ಲ, ಆದರೆ ಓಣಿಯ ಮಂದಿ ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಎರಡು ವರ್ಷದ ಮೇಲೆ ನರಗುಂದದಿಂದ ಇನ್ನೊಂದು ಬಂತು. ಇದೂ ಮುರಿದರೆ ಮುಗಿಯಿತು ಅಂತ ಅವ್ವ ದಿನಾ ದೇವರ ಮುಂದೆ ಕೂತು ಅಳುತ್ತಿದ್ದಳು.

ನಮ್ಮ ಎರಡೂ ಮನೆತನಗಳಲ್ಲಿ ಒಂದು ಕಟ್ಟಳೆ ಇತ್ತು. ಮದುಮಗಳ ಧಾರೆಯ ಸೀರೆ ತವರಿನ ಮಗ್ಗದಲ್ಲೇ ಆಗಬೇಕು. ಅದರ ಕೊಂಡಿಯನ್ನು, ಅಂದರೆ ಸೀರೆಯ ಮೈಯ ಹಾಸುನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆ ಎಳೆಯಾಗಿ ಜೋಡಿಸುವುದನ್ನು, ಮನೆಯ ಹೆಂಗಸರೇ ಮಿಂದು ಮಡಿಯಲ್ಲಿ ಮಾಡಬೇಕು. ಮದುವೆಗೆ ಎಂಟು ದಿನ ಮೊದಲು ಬೀಗರು ಬಂದು ಸೀರೆ ನೋಡುತ್ತಿದ್ದರು. ಅದೆಲ್ಲ ಸರಿ. ಆದರೆ ಸರಿಯಾಗಿ ಕೊಂಡಿ ಹಾಕುವ ಹೊತ್ತಿಗೆ ಅವ್ವನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಬೆರಳು ಊದಿ ಕೆಂಪಾಗಿ, ಎಳೆ ಹಿಡಿಯುವುದಿರಲಿ, ರೊಟ್ಟಿ ಮುರಿಯಲೂ ಆಗದು. ನಾನು ಕೂತು ಹಾಕಿದ ಕೊಂಡಿಗಳು ಜಗ್ಗಿದರೆ ಬಿಚ್ಚಿಕೊಳ್ಳುತ್ತಿದ್ದವು. ನಾನು ಆಗಲೂ ಹಾಗೇ, ಕೈಗಿಂತ ಬಾಯಿ ಚುರುಕು.

ಎರಡು ದಿನ ನೋಡಿ, ಮೂರನೆಯ ದಿನ ಅಪ್ಪ ಎರಡು ದಿನದ ಮಟ್ಟಿಗೆ ದೂರದ ಸಂತೆಗೆ ಹೋದಾಗ ನಾನೇ ಪಕ್ಕದ ಮನೆಗೆ ಹೋಗಿ ಚಿಗವ್ವನ ಕೈ ಹಿಡಿದು ಕರೆತಂದೆ. ಅವ್ವ ಬೇಡ ಅನ್ನಲಿಲ್ಲ. "ತಂಗೀ, ಯಾರ ಮುಂದೂ ಅನಬ್ಯಾಡ" ಅಂದಳು ಅಷ್ಟೇ.

"ನಾನಾಗಿ ಹೇಳಾಂಗಿಲ್ಲಕ್ಕಾ. ಆದ್ರ ಯಾರರ ನನ್ನ ಕೇಳಿದ್ರ ಸುಳ್ಳ ಹೇಳಾಕ ಬರಾಂಗಿಲ್ಲ ನನಗ" ಅಂದಳು ಚಿಗವ್ವ. ಅವಳನ್ನು ಯಾರು ಕೇಳುತ್ತಾರೆ ಅಂತ ನಾವು ನಕ್ಕೆವು.

ನಮ್ಮ ಕಟ್ಟಳೆಗೆಂದು ಅವಳೂ ಮಿಂದೇ ಬಂದಿದ್ದಳು. ಆ ದಿನ, ಮರುದಿನ ಮಗ್ಗದ ಮುಂದೆ ಕೂತು ಮುಗಿಸಿದಳು. ಒಂದಿಷ್ಟು ಕೊಂಡಿ ಆದಾಗೊಮ್ಮೆ ತಲೆ ಎತ್ತಿ "ಸ್ತೋತ್ರ" ಅಂದು ನನ್ನ ಕೆನ್ನೆ ಚಿವುಟುತ್ತಿದ್ದಳು. ಆ ಎರಡು ದಿನ ನಮ್ಮ ಮನೆಯಲ್ಲೂ ನಗು ಇತ್ತು. ಅವ್ವ ಬೆರಳಿನ ನೋವು ಮರೆತು ನಕ್ಕಳು. ಆದರೆ ಒಂದು ಸಂಗತಿ ನಮಗೆ ಹೊಳೆಯಲೇ ಇಲ್ಲ. ಚಿಗವ್ವ ಎಡಗೈಯವಳು, ಊಟವೊಂದು ಬಿಟ್ಟು ಎಲ್ಲ ಕೆಲಸವೂ ಎಡಗೈಯಲ್ಲೇ. ಹಾಗೆ ಹೊಸೆದ ಕೊಂಡಿಯ ಸುರುಳಿ ಎಲ್ಲರದ್ದಕ್ಕಿಂತ ಉಲ್ಟಾ ತಿರುಗಿರುತ್ತದೆ. ಸೆರಗಿನ ತನಕ ನೇಯ್ದ ಮೇಲೆ ಅಪ್ಪನ ಕಣ್ಣಿಗೆ ಅದು ಬಿತ್ತು. ಲಾಳಿ ನಿಲ್ಲಿಸಿ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೆ ನೇಯತೊಡಗಿದ. ಹೊಸ ಹಾಸು ಹೂಡಲು ದಿನ ಉಳಿದಿರಲಿಲ್ಲ.

ಸೀರೆ ನೋಡಲು ಬಂದವರು ಮುಂದೆ ನನಗೆ ಮಾವನಾದವರು ಮತ್ತು ಅವರ ಅಣ್ಣ. ಮಾವನವರು ಮಾತು ಕಡಿಮೆಯವರು, ಮಗ್ಗದ ಮೇಲೇ ಮುದುಕರಾದವರು. ಅಂಚು ನೋಡಿದರು, ತಲೆದೂಗಿದರು. ಸೆರಗು ಬಿಡಿಸಿ ಕೊಂಡಿಯ ಸಾಲಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋದವರು ನಡುವೆ ನಿಂತರು. ಮತ್ತೆ ಮೊದಲಿಂದ ಆಡಿಸಿದರು. ಬಾಗಿಲ ಹಿಂದಿನಿಂದ ನಾನು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ.

"ಯಾರ ಕೈರಿ ಇದು?"

"ನಮ್ಮ ತಂಗಿದರಿ... ರಾಜೂರಾಕಿದು" ಅಂದಳು ಅವ್ವ, ರಾಜೂರಿಗೆ ಕೊಟ್ಟ ತನ್ನ ತಂಗಿಯನ್ನು ನೆವ ಮಾಡಿ. ಮಾವನವರು ಸೀರೆ ಹಿಡಿದುಕೊಂಡೇ ಎದ್ದು, ಬೆಳಕಿನಲ್ಲಿ ನೋಡಲೆಂದು ಕಟ್ಟೆಗೆ ಬಂದರು. ಪಕ್ಕದ ಕಟ್ಟೆಯ ಮೇಲೆ ಚಿಗವ್ವ ರಾಟಿ ಮುಂದಿಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಡಗೈಯಲ್ಲಿ ರಾಟಿ ತಿರುಗಿಸುತ್ತಿದ್ದಳು. ಮಾವನವರು ಆ ಕೈಯನ್ನೇ ನೋಡುತ್ತ ನಿಂತರು. ಚಿಗವ್ವನ ಕೊರಳಲ್ಲಿದ್ದ ಸಣ್ಣ ಶಿಲುಬೆಯನ್ನೂ ನೋಡಿರಬೇಕು.

"ತಂಗೀ, ಈ ಕೊಂಡಿ ನೀ ಹಾಕೀಯೇನು?"

ರಾಟಿ ನಿಂತಿತು. ಚಿಗವ್ವ ನಮ್ಮ ಬಾಗಿಲ ಕಡೆ ಒಂದು ಸಲ ನೋಡಿದಳು. "ಹೌದ್ರಿ ಯಪ್ಪಾ. ನಾನ ಹಾಕೀನ್ರಿ."

ಅಣ್ಣನವರು ತಲೆಯ ಪಟಗಾ ಸರಿಮಾಡಿಕೊಂಡು ಹೊರಟೇಬಿಟ್ಟರು. ಮಾವನವರು ನಿಂತೇ ಇದ್ದರು. ಅಪ್ಪನ ಕಡೆ ತಿರುಗಿ, "ನಿಮಗ ಗೊತ್ತಿತ್ತೇನ್ರಿ?" ಅಂದರು. ಅಪ್ಪ ನೆಲ ನೋಡಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಾವನವರು ಬಾಗಿಲಿಗೆ ಬಂದಿದ್ದ ನನ್ನ ಕಡೆ ನೋಡಿದರು. ಗದರಲಿಲ್ಲ, ಮೆತ್ತಗೆ ಕೇಳಿದರು. "ನೀ ಹೇಳವ್ವಾ. ನಿನಗ ಗೊತ್ತಿತ್ತಾ?"

"ಇಲ್ರಿ. ನನಗೇನೂ ಗೊತ್ತಿಲ್ರಿ" ಅಂದೆ. ತಡವರಿಸಲೂ ಇಲ್ಲ, ಅದೇ ಈಗ ನಾಚಿಕೆಯಾಗುವುದು.

"ಹಂಗಾರ ಇವರಿಗೆ ತಿಳೀಲಾರದ್ಹಂಗ ಮಾಡೀಯೇನು?" ಅಂತ ಮಾವನವರು ಚಿಗವ್ವನನ್ನು ಕೇಳಿದರು. ಅವಳು ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ನನ್ನ ಮದುವೆ ಮುರಿದಂತೆ. ಚಿಗವ್ವ ರಾಟಿಯನ್ನು ಪಕ್ಕಕ್ಕೆ ಸರಿಸಿದಳು. ಕೊನೆಗೆ, "ಹುಡುಗಿ ಭಾಳ ಚಲೋದೈತ್ರಿ. ಮದುವಿ ಮುರೀಬ್ಯಾಡ್ರಿ" ಅಂದಳು.

ಮದುವೆ ಮುರಿಯಲಿಲ್ಲ. ಚಿಗವ್ವ ಅಲ್ಲ ಅನ್ನದ್ದನ್ನೇ ಹೌದೆಂದು ಹಿಡಿದು, ತಪ್ಪು ನಮ್ಮದಲ್ಲವೆಂದು ತೀರ್ಮಾನವಾಯಿತು, ಧಾರೆಗೆ ಬೀಗರೇ ಬೇರೆ ಸೀರೆ ತಂದರು. ಆ ಸಂಜೆ ನಾನು ಗೋಡೆಗೆ ಕಿವಿಯಿಟ್ಟು ಕೂತಿದ್ದೆ. ನಮ್ಮನ್ನು ಬೈಯಲಿ, ಒಮ್ಮೆ ಬೈದುಬಿಡಲಿ ಅಂತ ಕಾಯುತ್ತಿದ್ದೆ. ಗಂಡನ ದನಿ ಎಂದಿನಂತೆ ಶುರುವಾಯಿತು. ರೊಟ್ಟಿ, ನೂಲು, ಹೆಣ್ಣುಮಕ್ಕಳು, ಮನಿಯಾಕಿ. ಆಮೇಲೆ ನನ್ನ ಹೆಸರು ಬಂತು. ಹೋದ ಮನೆಯಲ್ಲಿ ಸುಖವಾಗಿರಲಿ ಅಂದ. ಐದೂ ಮಂದಿ ಆಮೆನ್ ಅಂದರು. ನಾನು ಬಾಯಲ್ಲಿ ಸೆರಗು ತುರುಕಿಕೊಂಡು ಅತ್ತೆ. ಅತ್ತೆನೇ ಹೊರತು ಎದ್ದು ಆ ಬಾಗಿಲಿಗೆ ಹೋಗಲಿಲ್ಲ.

ನಾನು ನರಗುಂದಕ್ಕೆ ಬಂದೆ. ಹೇಳದೆ ಕೇಳದೆ ಮಡಿ ಕೆಡಿಸಿದವಳೆಂದು ಓಣಿಯವರು ಚಿಗವ್ವನಿಗೆ ಮಾರುವ ಸೀರೆಗಳ ಕೊಂಡಿಯ ಕೆಲಸ ಕೊಡುವುದನ್ನೂ ನಿಲ್ಲಿಸಿದರಂತೆ. ವರ್ಷದೊಳಗೆ ಮಗ್ಗ ಬಿಚ್ಚಿ ಚಕ್ಕಡಿಗೆ ಹೇರಿ ಬೆಟಗೇರಿಗೆ ಹೋದರಂತೆ. ಹೋಗುವಾಗ ಚಿಗವ್ವ ಅವ್ವನ ಕೈ ಹಿಡಿದು, ನಿನ್ನ ಮಗಳು ಬಸುರಿಯೇ ಅಂತ ಕೇಳಿದಳಂತೆ...

ಬಹಳ ವರ್ಷದ ಮೇಲೆ ಯಜಮಾನರ ಕಣ್ಣಿನ ದವಾಖಾನೆಗೆಂದು ಗದಗಕ್ಕೆ ಹೋದಾಗ, ಒಂದು ಭಾನುವಾರ ಬೆಟಗೇರಿಯ ಚರ್ಚಿನ ಗೇಟಿನ ತನಕ ಹೋಗಿದ್ದೆ. ಪ್ರಾರ್ಥನೆ ಮುಗಿಸಿ ಹೆಂಗಸರು ಹೊರಗೆ ಬರುತ್ತಿದ್ದರು. ಯಾರನ್ನು ಏನಂತ ಕೇಳಲಿ? ಬೆಟಗೇರಿ ಚಿಗವ್ವ ಅಂದರೆ ಬೆಟಗೇರಿಯಲ್ಲಿ ಯಾರಿಗೆ ತಿಳಿಯಬೇಕು? ಅಷ್ಟು ವರ್ಷ ಪಕ್ಕದಲ್ಲಿದ್ದು ಅವಳ ಹೆಸರನ್ನೇ ನಾನು ಕೇಳಿರಲಿಲ್ಲ. ಇದೇ ನೆವ ಮಾಡಿಕೊಂಡು ಟಾಂಗಾ ಹತ್ತಿದೆ. ಹೆಣ್ಣುಮಕ್ಕಳ ಹೆಸರು ಮೂರೂ ನೆನಪಿದ್ದವು, ಅವನ್ನು ಹೇಳಿ ಕೇಳಬಹುದಿತ್ತು. ಕೇಳಲಿಲ್ಲ, ಅಂಜಿದೆ. ಅವಳು ಎದುರಿಗೆ ಬಂದು ನಕ್ಕುಬಿಟ್ಟರೆ ಏನು ಮಾಡಲಿ ಅಂತ ಅಂಜಿದೆ.

ಈಗ ನನಗೆ ಎಂಬತ್ತೈದು ದಾಟಿದೆ. ಚಿಗವ್ವ ಇರುವ ಮಾತೇ ಇಲ್ಲ. ಅಪ್ಪ, ಅವ್ವ, ಯಜಮಾನರು ಯಾರೂ ಇಲ್ಲ. ಮಾವನವರು ಇದ್ದಷ್ಟು ದಿನ ನನ್ನನ್ನು ಮಗಳಂತೆ ನೋಡಿಕೊಂಡರು. ಸಂಸಾರ ಸುಖದಿಂದಲೇ ನಡೆಯಿತು. ಯಾರಿಗೆ ಹೆದರಿ ಸುಳ್ಳು ಹೇಳಿದೆನೋ ಅವರು, ಯಾರ ತಲೆಯ ಮೇಲೆ ಅದನ್ನು ಹೊರಿಸಿದೆನೋ ಅವಳು, ಇಬ್ಬರೂ ಹೋದ ಮೇಲೆ ಹೇಳಿ ಏನು ಬಂತು? ಆದರೂ ಹೇಳುತ್ತೇನೆ.

ಗೊತ್ತಿತ್ರಿ ಮಾವಾರ. ಆಕಿನ್ನ ನಾನ ಹೋಗಿ ಕರಕೊಂಡ ಬಂದಿದ್ದೆ.